ಮೂರು ಗಂಟೆಗೆ ಹೊರಟುಬಿಡಿ: ಪುಟ್ಟ ಮಕ್ಕಳ ಜೊತೆ ಥೀಮ್ ಪಾರ್ಕಿಗೆ ಹೋಗುವ ಮುಂಚೆ

ಪ್ರಶ್ನೆ: ನಾವು ಮಂಡ್ಯದವರು. ಮಗನಿಗೆ ಐದೂವರೆ ವರ್ಷ, ಮಗಳಿಗೆ ಈಗ ತಾನೇ ಎರಡು ತುಂಬಿದೆ. ದಸರಾ ರಜೆಯಲ್ಲಿ ಮಕ್ಕಳನ್ನು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಮೊದಲ ದಿನ ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್, ಅದೇ ಸಂಜೆ ಬೃಂದಾವನ, ಮಾರನೇ ದಿನ ಬಿಡದಿ ಹತ್ತಿರದ ವಂಡರ್‌ಲಾ. ಇದು ನಮ್ಮ ಯಜಮಾನರ ಪ್ಲ್ಯಾನ್. ಅತ್ತೆಯೂ ಬರುತ್ತಾರೆ. ಅವರಿಗೆ 64, ಮಂಡಿ ನೋವಿದೆ. ನನಗೆ ನೀರು ಅಂದರೆ ಮೊದಲಿಂದಲೂ ಭಯ. ಇಷ್ಟು ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಇನ್ನೂ ಸ್ವಲ್ಪ ದುಡ್ಡು ಕೂಡಿಟ್ಟು ಹಾಂಗ್‌ಕಾಂಗ್ ಡಿಸ್ನಿಲ್ಯಾಂಡಿಗೇ ಹೋಗಿ ಅಂತ ನಮ್ಮ ಮೈದುನ ಹೇಳ್ತಾರೆ. ಏನು ಮಾಡೋದು?
— ಒಬ್ಬ ತಾಯಿ, ಮಂಡ್ಯ

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಆದರೆ ಎರಡು ಪಾರ್ಕ್ ಬೇಡ, ಒಂದೇ ಸಾಕು. ಆ ಒಂದರಿಂದಲೂ ಮಧ್ಯಾಹ್ನ ಮೂರು ಗಂಟೆಗೆ ಹೊರಟುಬಿಡಿ. ಯಾಕೆ ಅಂತ ಹೇಳ್ತೀನಿ.

ನಾನು ನರ್ಸ್. ಈಗ ಮೈಸೂರಿನ ಒಂದು ಮಕ್ಕಳ ಕ್ಲಿನಿಕ್ಕಿನಲ್ಲಿದ್ದೇನೆ. ಅದಕ್ಕೆ ಮುಂಚೆ ಒಂಬತ್ತು ವರ್ಷ ಒಂದು ವಾಟರ್ ಪಾರ್ಕಿನ ಫಸ್ಟ್ ಏಡ್ ರೂಮಿನಲ್ಲಿ ಕೆಲಸ ಮಾಡಿದೆ. ಬೆಳಿಗ್ಗೆ ನಮ್ಮ ರೂಮಿಗೆ ಯಾರೂ ಬರುತ್ತಿರಲಿಲ್ಲ. ಹತ್ತಿ, ಬ್ಯಾಂಡೇಜು ಜೋಡಿಸಿಟ್ಟುಕೊಂಡು ಕೂತಿರುತ್ತಿದ್ದೆ. ಊಟ ಮುಗಿದು ಮೂರು ಗಂಟೆ ಆಯಿತು ಅಂದರೆ ಬಾಗಿಲಲ್ಲಿ ಸಾಲು. ಗದ್ದ ಒಡೆದುಕೊಂಡ ಮಗು, ವಾಂತಿ ಮಾಡುತ್ತಿರುವ ಮಗು, ಅಳು ನಿಲ್ಲಿಸದ ಮಗು, ಅಪ್ಪ ಅಮ್ಮ ಸಿಗದ ಮಗು. ಅವರಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ಆಗಿದ್ದು ಒಂದೇ, ಸುಸ್ತು. ಸುಸ್ತಾದ ಮಗು ಓಡುವಾಗ ಕಾಲು ಎತ್ತಿ ಇಡುವುದಿಲ್ಲ, ಜಾರುತ್ತೆ. ಸುಸ್ತಾದ ಅಪ್ಪ ಅಮ್ಮ ಅತ್ತ ನೋಡುವುದಿಲ್ಲ.

ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, ಮಧ್ಯಾಹ್ನದ ನಿದ್ದೆಯೂ ಸೇರಿ. ಐದು ವರ್ಷದವನಿಗೂ 10ರಿಂದ 13 ಗಂಟೆ ಬೇಕು. ಆದರೆ ನಾವೇನು ಮಾಡುತ್ತೇವೆ? ಇಷ್ಟು ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದೇವೆ, ಬಾಗಿಲು ಹಾಕೋವರೆಗೂ ಇದ್ದು ವಸೂಲಿ ಮಾಡಬೇಕು ಅಂತೇವೆ. ನಿಮ್ಮ ಯಜಮಾನರೂ ಹಾಗೇ ಅನ್ನಬಹುದು. ದುಡಿದ ದುಡ್ಡು, ಹಾಗನ್ನಿಸೋದು ಸಹಜ. ಅವರಿಗೆ ಈ ಒಂದು ಮಾತು ಹೇಳಿ: ನಾಲ್ಕು ಗಂಟೆ ಕುಣಿದ ಮಗು ಮನೆಗೆ ಬಂದು ವಾರಗಟ್ಟಲೆ ಅದನ್ನೇ ಹೇಳುತ್ತೆ. ಎಂಟು ಗಂಟೆ ಎಳೆದಾಡಿಸಿದ ಮಗುವಿಗೆ ಕೊನೆಯ ಅಳುವೇ ನೆನಪಲ್ಲಿ ಉಳಿಯುತ್ತೆ.

ಯಾವ ಪಾರ್ಕು?

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮಕ್ಕಳನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ಹಿಮ್ಮಡಿ, ಬೆನ್ನು, ತಲೆ ಮೂರೂ ಗೋಡೆಗೆ ತಾಗಬೇಕು. ತಲೆ ಮೇಲೆ ಒಂದು ಪುಸ್ತಕ ಅಡ್ಡ ಇಟ್ಟು ಪೆನ್ಸಿಲಿನಲ್ಲಿ ಗೆರೆ ಹಾಕಿ, ಟೇಪಿನಲ್ಲಿ ಅಳೆಯಿರಿ. ಥೀಮ್ ಪಾರ್ಕಿನಲ್ಲಿ ಯಾರೂ ವಯಸ್ಸು ನೋಡುವುದಿಲ್ಲ, ಎತ್ತರ ನೋಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಎರಡು ವರ್ಷದ ಹೆಣ್ಣು ಮಗುವಿನ ನಡುಮಟ್ಟದ ಎತ್ತರ ಸುಮಾರು 86 ಸೆಂ.ಮೀ., ಐದು ವರ್ಷದ ಗಂಡು ಮಗುವಿನದು 110 ಸೆಂ.ಮೀ. ದೊಡ್ಡ ರೈಡುಗಳಿಗೆ 120, 140 ಸೆಂ.ಮೀ. ಥರ ಎತ್ತರ ಕೇಳುತ್ತಾರೆ. ಅಂದರೆ ನಿಮ್ಮ ಮಗ ದೊಡ್ಡ ರೈಡುಗಳಲ್ಲಿ ಹೆಚ್ಚಿನವಕ್ಕೆ ಹತ್ತುವ ಹಾಗಿಲ್ಲ. ಮಗಳಂತೂ ಪುಟಾಣಿ ರೈಡುಗಳು, ಮಕ್ಕಳ ಕೊಳ ಬಿಟ್ಟು ಬೇರೆ ಯಾವುದಕ್ಕೂ ಇಲ್ಲ.

ಅದಕ್ಕೇ ನಿಮಗೆ ಈಗ ಮೈಸೂರಿನ ಪಾರ್ಕೇ ಸಾಕು. ಕೆಆರ್‌ಎಸ್ ರಸ್ತೆಯಲ್ಲಿ ಮೇಟಗಳ್ಳಿ ಹತ್ತಿರ ಇದೆ. ಮಂಡ್ಯದಿಂದ ಒಂದು ಗಂಟೆ ದಾರಿ, ವಾಪಸ್ ಬರುವಾಗ ಮಕ್ಕಳು ಕಾರಲ್ಲೇ ಮಲಗುತ್ತಾರೆ. 2005ರಲ್ಲಿ ಶುರುವಾದ ಬಿಡದಿಯ ವಂಡರ್‌ಲಾ ತುಂಬ ದೊಡ್ಡದು, ಚೆನ್ನಾಗಿದೆ. ಆದರೆ ಅದರ ಸೊಗಸೆಲ್ಲ ದೊಡ್ಡ ರೈಡುಗಳಲ್ಲಿದೆ. ಮಗ ಇನ್ನೊಂದು ಗೇಣು ಬೆಳೆಯಲಿ, ಆಗ ಹೋಗಿ. ಅಲ್ಲಿ 85 ಸೆಂ.ಮೀ.ಗಿಂತ ಕಡಿಮೆ ಇರುವ ಮಕ್ಕಳಿಗೆ ಟಿಕೆಟ್ ಇಲ್ಲ, ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್ ಅನ್ನೋದು ಗೊತ್ತಿರಲಿ. ಟಿಕೆಟ್ ದರ, ಸಮಯ ಎಲ್ಲಾ ಪಾರ್ಕುಗಳಲ್ಲೂ ಬದಲಾಗುತ್ತಿರುತ್ತೆ. ಹೋಗುವ ಹಿಂದಿನ ದಿನ ಅವರ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ.

ಎತ್ತರದ ವಿಷಯದಲ್ಲಿ ಒಂದು ಬೇಡಿಕೆ. ಅಳೆಯುವ ಕಂಬದ ಹತ್ತಿರ "ತುದಿಗಾಲಲ್ಲಿ ನಿಂತ್ಕೋ ಪುಟ್ಟ" ಅಂತ ಹೇಳುವ ಅಪ್ಪಂದಿರನ್ನು ನೂರಾರು ಸಲ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ರೈಡಿನಲ್ಲಿ ತೊಡೆ ಮೇಲೆ ಒಂದು ಕಬ್ಬಿಣದ ಅಡ್ಡಕಂಬಿ ಬರುತ್ತಲ್ಲ, ಅದನ್ನು ಒಮ್ಮೆ ನೆನಪಿಸಿಕೊಳ್ಳಿ. ಅಪ್ಪನ ಪಕ್ಕ ಮಗು ಕೂತರೆ ಆ ಕಂಬಿ ಅಪ್ಪನ ಹೊಟ್ಟೆಗೆ ತಾಗಿ ನಿಂತುಬಿಡುತ್ತೆ. ಮಗುವಿನ ತೊಡೆಗೂ ಕಂಬಿಗೂ ನಡುವೆ ಒಂದು ಗೇಣು ಜಾಗ ಖಾಲಿ ಉಳಿಯುತ್ತೆ. ರೈಡು ಜೋರಾಗಿ ತಿರುಗಿದಾಗ ಮಗು ಜಾರೋದು ಆ ಸಂದಿಯಲ್ಲೇ. ಪುಟ್ಟ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ಭಾರ, ಕತ್ತಿನಲ್ಲಿ ಇನ್ನೂ ಬಲ ಇರುವುದಿಲ್ಲ. ಜೋರಾದ ಕುಲುಕಾಟ ಅವರಿಗೆ ಆಗದು.

ಗೋಡೆಯ ಮೇಲೆ 120 ಸೆಂ.ಮೀ.ಗೂ ಒಂದು ಗೆರೆ ಹಾಕಿ, ಮಗನಿಗೆ ಮನೆಯಲ್ಲೇ ಹೇಳಿಬಿಡಿ: "ಈ ಗೆರೆ ದಾಟಿದ ಮೇಲೆ ಆ ದೊಡ್ಡ ರೈಡು, ಈಗ ಇವು ನಿನ್ನವು." ಮನೆಯಲ್ಲಿ ಹೇಳಿದರೆ ಒಪ್ಪಿಕೊಳ್ಳುತ್ತಾನೆ. ಅಷ್ಟೊತ್ತು ಕ್ಯೂನಲ್ಲಿ ನಿಂತ ಮೇಲೆ ಇಲ್ಲ ಅಂದರೆ ಯಾವ ಮಗುವಾದರೂ ನೆಲಕ್ಕೆ ಬಿದ್ದು ಅಳುತ್ತೆ, ಅದರಲ್ಲಿ ತಪ್ಪೇನಿದೆ?

ದಸರಾದಲ್ಲೇ ಹೋಗಬೇಕಾ?

ನನ್ನನ್ನು ಕೇಳಿದರೆ ಬೇಡ. ದಸರಾ ಹೊತ್ತಿನ ಮೈಸೂರು ನಿಮಗೆ ಗೊತ್ತೇ ಇದೆ. ರೂಮ್ ಸಿಗೋದು ಕಷ್ಟ, ರಸ್ತೆಗಳು ಬಂದ್, ಎಲ್ಲಿ ನೋಡಿದರೂ ಜನ. ಜೊತೆಗೆ ಮಳೆ. ಮೈಸೂರಿನಲ್ಲಿ ಜಾಸ್ತಿ ಮಳೆ ಬೀಳುವ ತಿಂಗಳುಗಳಲ್ಲಿ ಅಕ್ಟೋಬರ್ ಒಂದು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ಮಿಂಚು ಶುರುವಾದರೆ ರೈಡುಗಳನ್ನು ನಿಲ್ಲಿಸುತ್ತಾರೆ, ನೀರಿನಿಂದ ಎಲ್ಲರನ್ನೂ ಮೇಲೆ ಕರೆಯುತ್ತಾರೆ. ಮೂರು ಗಂಟೆಗೆ ಹೊರಡಿ ಅನ್ನೋದಕ್ಕೆ ಇದೂ ಒಂದು ಕಾರಣ.

ನವೆಂಬರಿನಿಂದ ಜನವರಿವರೆಗೆ ವಾರದ ದಿನಗಳಲ್ಲೂ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ದೊಡ್ಡ ಮಕ್ಕಳು ಗುಂಪುಗುಂಪಾಗಿ ಓಡುವ ಜಾಗದಲ್ಲಿ ಎರಡು ವರ್ಷದ ಮಗು ಇರಬಾರದು. ಡಿಸೆಂಬರ್, ಜನವರಿಯಲ್ಲಿ ನೀರೂ ಕೊರೆಯುತ್ತೆ. ನಿಮಗೆ ನಾನು ಹೇಳುವುದು ಫೆಬ್ರವರಿ. ಬಿಸಿಲು ಹದವಾಗಿರುತ್ತೆ, ಪ್ರವಾಸದ ಗಲಾಟೆ ಮುಗಿದಿರುತ್ತೆ. ಬುಧವಾರವೋ ಗುರುವಾರವೋ ಒಂದು ದಿನ ಮಗನ ಶಾಲೆಗೆ ರಜೆ ಹಾಕಿ. ಯುಕೆಜಿಯೋ ಒಂದನೇ ಕ್ಲಾಸೋ ಓದುವ ಹುಡುಗ ಒಂದು ದಿನ ಹೋಗದಿದ್ದರೆ ಏನೂ ಮುಳುಗಿಹೋಗಲ್ಲ.

ಹಾಗಂತ ದಸರಾ ರಜೆಯಲ್ಲಿ ಮನೆಯಲ್ಲೇ ಕೂರಿ ಅನ್ನುತ್ತಿಲ್ಲ. ಅರಮನೆ ಎದುರಿನ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಒಂದು ಸಂಜೆ ಹೋಗಿ. ವಿಜಯದಶಮಿ ಮುಗಿದ ಮೇಲೂ ಅದು ಬಹಳ ದಿನ ಇರುತ್ತೆ, ಆಗ ಜನವೂ ಕಡಿಮೆ. ಅಲ್ಲಿ ಮಕ್ಕಳನ್ನು ಸಣ್ಣ ಕುದುರೆ ರೈಡಿನಲ್ಲಿ, ಪುಟಾಣಿ ರೈಲಿನಲ್ಲಿ ಕೂರಿಸಿ ನೋಡಿ. ಮಗ ನಗುತ್ತಾನಾ, ಮುಖ ಬಿಳಚಿಕೊಳ್ಳುತ್ತಾನಾ? ಮಗಳು ಜೋರು ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾಳಾ? ಒಂದು ದೊಡ್ಡ ಹಪ್ಪಳ ಕೊಡಿಸಿ ಮನೆಗೆ ಬನ್ನಿ. ಥೀಮ್ ಪಾರ್ಕಿನ ಟಿಕೆಟ್ ತಗೊಳ್ಳುವ ಮುಂಚೆ ನಿಮ್ಮ ಮಕ್ಕಳ ಬಗ್ಗೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತೆ.

ಬೃಂದಾವನಕ್ಕೆ ಅದೇ ಸಂಜೆ ಹೋಗಲೇಬೇಡಿ. ಕೆಆರ್‌ಎಸ್ ನಿಮ್ಮ ಜಿಲ್ಲೆಯದೇ ಅಲ್ವಾ, ಎಂದು ಬೇಕಾದರೂ ಹೋಗಬಹುದು. ಕಾರಂಜಿಯ ಆಟ ಕತ್ತಲಾದ ಮೇಲೆ. ಅಷ್ಟೊತ್ತಿಗೆ ನಿಮ್ಮ ಮಗಳು ಯಾರ ಹೆಗಲ ಮೇಲೋ ಮಲಗಿರುತ್ತಾಳೆ, ಹೊತ್ತವರ ಕೈ ಸೋತಿರುತ್ತೆ. ಎರಡನೇ ದಿನ ಮೈಸೂರಿನಲ್ಲೇ ಉಳಿಯುವುದಾದರೆ ಬೆಳಿಗ್ಗೆ ಮೃಗಾಲಯಕ್ಕೆ ಹೋಗಿ. 1892ರಲ್ಲಿ ಶುರುವಾದ ಜಾಗ, ದೊಡ್ಡ ದೊಡ್ಡ ಮರಗಳ ನೆರಳು. ಸಾಮಾನ್ಯವಾಗಿ ಮಂಗಳವಾರ ರಜೆ ಇರುತ್ತೆ, ನೋಡಿಕೊಳ್ಳಿ. ನಡೆಯೋದು ಜಾಸ್ತಿ ಇದೆ, ಅತ್ತೆಯವರಿಗೆ ಬ್ಯಾಟರಿ ಗಾಡಿ ಕೇಳಿ. ನಿಜ ಹೇಳಬೇಕೆಂದರೆ ಎರಡು ವರ್ಷದ ಮಗುವಿಗೆ ಥೀಮ್ ಪಾರ್ಕಿಗಿಂತ ಜಿರಾಫೆಯೇ ದೊಡ್ಡ ಖುಷಿ.

ನೀರಿನ ಭಯ

ನಿಮ್ಮ ಭಯ ಒಳ್ಳೆಯದೇ. ಅದನ್ನು ಬಿಡಬೇಡಿ, ಕೆಲಸಕ್ಕೆ ಹಚ್ಚಿ.

ನೀರಿನಲ್ಲಿ ಮುಳುಗುವ ಮಗು ಕೂಗುತ್ತೆ, ಕೈ ಬಡಿಯುತ್ತೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹಾಗಾಗಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದ ಮೇಲೆ ಉಸಿರಾಡುವುದಕ್ಕೇ ಆಗದು, ಇನ್ನು ಕೂಗುವುದೆಲ್ಲಿ? ಸದ್ದೇ ಇಲ್ಲದೆ, ನಿಂತ ಹಾಗೇ ತಲೆ ಹಿಂದಕ್ಕೆ ವಾಲಿಸಿ ಕೆಳಗೆ ಹೋಗಿಬಿಡುತ್ತೆ. ಮೊಣಕಾಲುದ್ದ ನೀರೂ ಪುಟ್ಟ ಮಗುವಿಗೆ ಜಾಸ್ತಿಯೇ.

ಒಂದು ಮಧ್ಯಾಹ್ನ ನಮ್ಮ ಲೈಫ್‌ಗಾರ್ಡ್ ಹುಡುಗ ಮೂರು ವರ್ಷದ ಒಂದು ಹೆಣ್ಣು ಮಗುವನ್ನು ಎದೆಗೆ ಅವಚಿಕೊಂಡು ಓಡಿ ಬಂದ. ಮಕ್ಕಳ ಕೊಳದಲ್ಲಿ ಕವುಚಿ ಬಿದ್ದಿತ್ತಂತೆ. ಕೆಲವೇ ಸೆಕೆಂಡು. ನೀರು ಕಕ್ಕಿ ಅತ್ತಿತು, ಮೈ ಬಿಸಿಯಾಯಿತು. ನಮ್ಮ ಉಸಿರು ವಾಪಸ್ ಬಂತು. ಆಸ್ಪತ್ರೆಗೂ ಕಳಿಸಿ ತೋರಿಸಿದೆವು, ಏನೂ ಆಗಿರಲಿಲ್ಲ. ಹಿಂದೆಯೇ ಓಡಿ ಬಂದ ಅಪ್ಪ ಅಮ್ಮ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹೇಳಿದ್ದು ಒಂದೇ ಮಾತು: "ನಿನ್ನ ಹತ್ರ ಇದ್ದಾಳೆ ಅಂದ್ಕೊಂಡಿದ್ದೆ." ಇಬ್ಬರೂ ಅದೇ ಕೊಳದಲ್ಲಿ, ಹತ್ತು ಹೆಜ್ಜೆ ದೂರದಲ್ಲಿದ್ದರು. ಆ ತಾಯಿಯ ಒದ್ದೆ ಕೈ ನನ್ನ ಮೇಜಿನ ಅಂಚನ್ನು ಹಿಡಿದು ನಡುಗುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವತ್ತಿನಿಂದ ನಾನು ಎಲ್ಲರಿಗೂ ಹೇಳೋದು ಇದು. ಕೂದಲಿಗೆ ಹಾಕುವ ಒಂದು ದಪ್ಪ ಕೆಂಪು ರಬ್ಬರ್ ಬ್ಯಾಂಡ್ ತಗೊಂಡು ಹೋಗಿ. ಅದು ಯಾರ ಕೈಯಲ್ಲಿದೆಯೋ ಮಗಳು ಅವರ ಪಾಲು. ಅವರು ಫೋನ್ ಮುಟ್ಟಬಾರದು, ಫೋಟೋ ತೆಗೆಯಬಾರದು, ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರ ಇರಬೇಕು. ಸಾಕಾಯಿತು ಅನ್ನಿಸಿದರೆ ಬ್ಯಾಂಡ್ ಬಿಚ್ಚಿ ಇನ್ನೊಬ್ಬರ ಕೈಗೆ ಹಾಕಿ, "ಈಗ ನೀವು" ಅಂತ ಬಾಯಿಬಿಟ್ಟು ಹೇಳಿ. ಮಗನಿಗೆ ಇನ್ನೊಂದು ಬ್ಯಾಂಡ್. ಲೈಫ್‌ಗಾರ್ಡ್ ಇದ್ದಾರಲ್ಲ ಅಂತ ಬಿಡಬೇಡಿ, ಅವರ ಎರಡು ಕಣ್ಣಿಗೆ ನೂರು ಮಕ್ಕಳು. ತೋಳಿಗೆ ಹಾಕುವ ಗಾಳಿ ತುಂಬಿದ ಬ್ಯಾಂಡುಗಳನ್ನೂ ನಂಬಬೇಡಿ, ಅವು ಆಟದ ಸಾಮಾನು. ಲೈಫ್ ಜಾಕೆಟ್ ಕೊಟ್ಟರೆ ಮಗುವಿನ ಅಳತೆಯದೇ ಕೇಳಿ. ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಗದ್ದ, ಕಿವಿ ಮುಚ್ಚಿಹೋದರೆ ಅದು ದೊಡ್ಡದು.

ಅಲೆ ಬರುವ ವೇವ್ ಪೂಲಿಗೆ ಮಗಳು ಬೇಡವೇ ಬೇಡ. ಮಗನನ್ನು ಅವರಪ್ಪ ಕೈ ಹಿಡಿದು ಅಂಚಿನಲ್ಲಿ ನಿಲ್ಲಿಸಿಕೊಳ್ಳಲಿ, ಅದೇ ಅವನಿಗೆ ಸಮುದ್ರ.

ಇನ್ನು ಬಟ್ಟೆ. ನೀರಿಗೆ ಇಳಿಯಬೇಕಾದರೆ ನೈಲಾನ್ ಥರದ ಬಟ್ಟೆ ಕಡ್ಡಾಯ ಅನ್ನುತ್ತಾರೆ. ಸುಮ್ನೆ ಮಾಡಿದ ನಿಯಮ ಅಲ್ಲ ಅದು. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗುತ್ತೆ, ಅದರ ಎಳೆಗಳು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತವೆ. ತುಂಬುತೋಳಿನದು ಮಂಡ್ಯದಲ್ಲೇ ಕೊಂಡುಕೊಳ್ಳಿ, ಬಿಸಿಲಿಗೂ ಆಗುತ್ತೆ. ಮಗಳ ಕಾಲ್ಗೆಜ್ಜೆ, ಬಳೆ, ಓಲೆ, ಸರ ಎಲ್ಲಾ ಮನೆಯಲ್ಲೇ ಬಿಚ್ಚಿಡಿ. ಜಾರುಬಂಡೆಯ ಜೋಡಣೆಗೆ ಗೆಜ್ಜೆ ಸಿಕ್ಕಿ ಕಾಲು ಕುಯ್ದುಕೊಂಡ ಮಕ್ಕಳಿಗೆ ನಾನೇ ಬ್ಯಾಂಡೇಜ್ ಕಟ್ಟಿದ್ದೇನೆ. ಮಾಮೂಲಿ ಡಯಾಪರ್ ನೀರಿನಲ್ಲಿ ಊದಿಕೊಂಡು ಜಾರುತ್ತೆ, ನೀರಿಗೆ ಅಂತಲೇ ಬೇರೆ ಡಯಾಪರ್ ಸಿಗುತ್ತೆ. ಆದರೆ ಅದೂ ಮೂತ್ರ ತಡೆಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಮೇಲೆ ಕರೆದುಕೊಂಡು ಬನ್ನಿ. ಭೇದಿ ಆಗುತ್ತಿರುವ ಮಗುವನ್ನು ಕೊಳಕ್ಕೆ ಇಳಿಸಲೇಬಾರದು. ಭೇದಿ ತರುವ ಕೆಲವು ಕ್ರಿಮಿಗಳು ಕ್ಲೋರಿನ್‌ಗೆ ಬೇಗ ಸಾಯಲ್ಲ. ಬೇರೆಯವರ ಮಕ್ಕಳೂ ಅದೇ ನೀರನ್ನು ಬಾಯಿಗೆ ತುಂಬಿಕೊಳ್ಳುತ್ತಿರುತ್ತಾರೆ.

ಪುಟ್ಟ ಮೈ ಬೇಗ ತಣ್ಣಗಾಗುತ್ತೆ. ತುಟಿ ನೀಲಿಗಟ್ಟುವವರೆಗೂ ಕಾಯಬೇಡಿ, ಹಲ್ಲು ಕಟಕಟ ಅಂದರೆ ಸಾಕು, ಒರೆಸಿ ಒಣ ಬಟ್ಟೆ ಹಾಕಿ. ಕೊಳದಿಂದ ಮೇಲೆ ಬಂದ ಕೂಡಲೇ ಚಪ್ಪಲಿ ಹಾಕಿಸಿ. ಮಧ್ಯಾಹ್ನದ ಕಾಂಕ್ರೀಟು ಕಾದ ಹೆಂಚಿನ ಹಾಗಿರುತ್ತೆ.

ಆ ದಿನ ಹೇಗಿರಲಿ?

ಬೆಳಿಗ್ಗೆ ಮನೆಯಲ್ಲೇ ಎರಡು ಇಡ್ಲಿ ತಿನ್ನಿಸಿ. ಎಣ್ಣೆ ತಿಂಡಿ, ಹೊಟ್ಟೆ ತುಂಬ ಹಾಲು ಬೇಡ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಪ್ರಯಾಣದ ವಾಂತಿ ಜಾಸ್ತಿ. ಕಾರಿನಲ್ಲಿ ಮಕ್ಕಳು ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿನಲ್ಲೇ ಕೂರಲಿ. ಮುಂದಿನ ಸೀಟಿನಲ್ಲಿ ಅಜ್ಜಿ ತೊಡೆ ಮೇಲೆ ಮಾತ್ರ ಬೇಡ. ಎಕ್ಸ್‌ಪ್ರೆಸ್‌ವೇನಲ್ಲಿ ಜೋರು ಬ್ರೇಕ್ ಬಿದ್ದರೆ ಯಾರ ಕೈಗೂ ಮಗುವನ್ನು ಹಿಡಿಯಲು ಆಗುವುದಿಲ್ಲ.

ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಮೊದಲ ಒಂದು ಗಂಟೆ ಕ್ಯೂ ಇರುವುದಿಲ್ಲ, ಮಕ್ಕಳ ರೈಡುಗಳನ್ನೆಲ್ಲ ಆಗಲೇ ಮುಗಿಸಿ. ಹತ್ತುವ ಮುಂಚೆ ಪ್ರತಿ ರೈಡೂ ಎರಡು ಸುತ್ತು ತಿರುಗುವುದನ್ನು ಮಗ ನಿಂತು ನೋಡಲಿ. ಬೇಡ ಅಂದರೆ ಬೇಡ. ಅಳುತ್ತಾ ಅಳುತ್ತಾ ಅಭ್ಯಾಸ ಆಗುತ್ತೆ ಅನ್ನೋದು ಸುಳ್ಳು. ಆಮೇಲೆ ನೀರು, ಒಂದು ಗಂಟೆ ಸಾಕು. ಒಂದಕ್ಕೆ ಊಟ. ಹೊರಗಿನ ಊಟ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಮಗುವಿನ ಮೊಸರನ್ನಕ್ಕೆ ಏನಂತಾರೆ ಅಂತ ಮುಂಚೆಯೇ ಫೋನ್ ಮಾಡಿ ಕೇಳಿಬಿಡಿ. ಊಟ ಆದ ಮೇಲೆ ನೆರಳಿನಲ್ಲಿ ಮಗಳು ಮಲಗಲಿ. ಆ ಹೊತ್ತಿನಲ್ಲಿ ಅಪ್ಪ ಮಗ ಇನ್ನೆರಡು ನಿಧಾನದ ರೈಡು ಹತ್ತಿ ಬರಲಿ. ಮಗಳು ಎದ್ದಾಗ ಹೊರಡಿ.

ಅತ್ತೆಯವರನ್ನು ಇಡೀ ದಿನ ಬ್ಯಾಗು ಕಾಯಲು ಮಾತ್ರ ಕೂರಿಸಬೇಡಿ. ಲಾಕರ್ ತಗೊಳ್ಳಿ. ಅಂಚಿನಲ್ಲಿ ಕೂತು ನೀರಿಗೆ ಕಾಲು ಇಳಿಬಿಟ್ಟ ಅಜ್ಜಿಯರ ಮುಖ ನೋಡಿದ್ದೇನೆ ನಾನು. ಮೊಮ್ಮಗನಿಗಿಂತ ಅವರೇ ಜಾಸ್ತಿ ನಗುತ್ತಿರುತ್ತಾರೆ. ಒದ್ದೆ ನೆಲದಲ್ಲಿ ಮಾತ್ರ ಒಬ್ಬರು ಅವರ ಕೈ ಹಿಡಿದುಕೊಳ್ಳಿ. ಅವರ ಮಾತ್ರೆ ನಿಮ್ಮ ಕೈಚೀಲದಲ್ಲೇ ಇರಲಿ.

ಕಳೆದುಹೋದರೆ? ಹೊರಡುವ ಮುಂಚೆ ಇಬ್ಬರು ಮಕ್ಕಳದೂ ಅವತ್ತಿನ ಬಟ್ಟೆಯಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ನಿಮ್ಮ ಮೊಬೈಲ್ ನಂಬರನ್ನು ಮಕ್ಕಳ ತೋಳಿನ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆಯಿರಿ, ನೀರಿಗೆ ಬೇಗ ಹೋಗಲ್ಲ. ಮಗನಿಗೆ ನಿಮ್ಮ ಹೆಸರು ಕಲಿಸಿ. ಒಮ್ಮೆ ನಾಲ್ಕು ವರ್ಷದ ಹುಡುಗ ನಮ್ಮ ರೂಮಿನಲ್ಲಿ ಕೂತಿದ್ದ. ಅಮ್ಮನ ಹೆಸರೇನು ಅಂದರೆ "ಅಮ್ಮ" ಅಂದ. ಅಪ್ಪ ಅಮ್ಮನ್ನ ಏನಂತ ಕರೀತಾರೆ ಅಂತ ಕೇಳಿದೆ. "ಇಲ್ ಬಾರೇ ಅಂತಾರೆ" ಅಂದ. ಮೈಕಿನಲ್ಲಿ ಏನಂತ ಕೂಗೋದು ಹೇಳಿ? ಹಳದಿ ಚಡ್ಡಿ ಹುಡುಗ ಅಂತ ಕೂಗಿದೆವು, ಇಪ್ಪತ್ತು ನಿಮಿಷ ಆದ ಮೇಲೆ ಆ ತಾಯಿ ಬಂದರು. ನಿಮ್ಮವನಿಗೆ ಇನ್ನೊಂದನ್ನೂ ಹೇಳಿಕೊಡಿ: ನಾವು ಕಾಣಿಸದೇ ಹೋದರೆ ಹುಡುಕಬೇಡ, ನಿಂತಲ್ಲೇ ನಿಲ್ಲು, ಜೋರಾಗಿ ನನ್ನ ಹೆಸರು ಕೂಗು.

ಹಾಂಗ್‌ಕಾಂಗ್ ವಿಷಯ. ಅಲ್ಲಿನ ಡಿಸ್ನಿಲ್ಯಾಂಡಿನಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಅದಕ್ಕೇ ಈಗಲೇ ಹೋಗೋಣ ಅಂತ ಕೆಲವರು ಹೊರಡುತ್ತಾರೆ. ಆದರೆ ಮೂರು ವರ್ಷದೊಳಗೆ ನೋಡಿದ್ದು ದೊಡ್ಡವರಾದ ಮೇಲೆ ನೆನಪಿನಲ್ಲಿ ಉಳಿಯುವುದು ಬಹಳ ಅಪರೂಪ. ಮಗಳಿಗೆ ಆರು ಏಳು ಆಗಲಿ, ಅಣ್ಣ ತಂಗಿ ಕೈ ಕೈ ಹಿಡಿದು ನಡೆಯುವಂತಾಗಲಿ. ಮೈದುನ ಹೇಳಿದ ಹಾಗೆ ದುಡ್ಡು ಈಗಿನಿಂದಲೇ ಕೂಡಿಡಿ, ಅದರಲ್ಲಿ ತಪ್ಪಿಲ್ಲ. ಡಿಸ್ನಿ ಪಾರ್ಕುಗಳಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಒಬ್ಬರು ಚಿಕ್ಕ ಮಗುವಿನ ಜೊತೆ ಹೊರಗೆ ನಿಂತರೆ ಇನ್ನೊಬ್ಬರು ರೈಡು ಹತ್ತಿ ಬರುತ್ತಾರೆ. ಆಮೇಲೆ ಹೊರಗೆ ನಿಂತವರು ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹತ್ತಬಹುದು. ಇಲ್ಲಿಯೂ ರೈಡಿನ ಹುಡುಗರನ್ನು ನಯವಾಗಿ ಕೇಳಿ ನೋಡಿ, ಜನ ಕಡಿಮೆ ಇದ್ದಾಗ ಒಪ್ಪಿಕೊಂಡುಬಿಡುತ್ತಾರೆ. ನೀವೂ ಒಂದು ರೈಡಾದರೂ ಹತ್ತಿ ಬನ್ನಿ.

ಬ್ಯಾಗಿನಲ್ಲಿ ಮೂರು ಟವೆಲ್, ಇಬ್ಬರಿಗೂ ಎರಡೆರಡು ಜೊತೆ ಒಣ ಬಟ್ಟೆ, ಒಆರ್‌ಎಸ್ ಪುಡಿ, ಮಕ್ಕಳ ಡಾಕ್ಟರ್ ಮುಂಚೆಯೇ ಬರೆದುಕೊಟ್ಟಿರುವ ಜ್ವರದ ಔಷಧಿ, ನಾಲ್ಕು ಪ್ಲಾಸ್ಟಿಕ್ ಕವರು ಇರಲಿ. ಅವತ್ತು ಬೆಳಿಗ್ಗೆ ಮಗುವಿನ ಮೈ ಬಿಸಿ ಇದ್ದರೆ ಔಷಧಿ ಹಾಕಿ ಕರೆದುಕೊಂಡು ಹೋಗಬೇಡಿ. ಆನ್‌ಲೈನ್ ಟಿಕೆಟ್ ತಗೊಳ್ಳುವಾಗಲೇ ದಿನ ಬದಲಾಯಿಸಬಹುದಾ ಅಂತ ನೋಡಿಕೊಂಡಿದ್ದರೆ ಆ ಬೆಳಿಗ್ಗೆ ನಿಮಗೆ ತೀರ್ಮಾನ ಮಾಡೋದು ಸುಲಭ.